ಮೂರನೇ ಬಾಟಲಿ

ಗುಬ್ಬಿ
ಗುರುವಾರ, 12-2-1987

ಪ್ರೀತಿಯ ತಮ್ಮ ಏಕಾಂತನಿಗೆ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಬಿಸಿನೀರು ಕೊಡುತ್ತಾರೋ ಇಲ್ಲವೋ. ಲ್ಯಾಬಿನಲ್ಲಿ ಆಸಿಡ್ಡಿನ ಹೊಗೆ ಕುಡಿದುಕೊಂಡು ಊಟ ಬಿಡಬೇಡ. ಇಲ್ಲಿ ನಾನೂ ನಿನ್ನ ಭಾವನೂ ಇದ್ದೇವೆ. ಅಷ್ಟೇ ಬರೆಯಬಲ್ಲೆ.

ಮಂಗಳವಾರ ನಿನ್ನ ಕಾಗದ ಬಂತು. ಓದಿ ಸಿಟ್ಟು ಬಂತು, ಮುಚ್ಚಿಡುವುದೇಕೆ? ನನ್ನ ಮಗು ಶಾಂಭವಿ ತೀರಿಹೋಗಿ ಎರಡು ತಿಂಗಳಾಯಿತು. ನೀರು, ಮಣ್ಣು ಪರೀಕ್ಷೆ ಮಾಡಿ ವಿಷ ಎಲ್ಲಿಂದ ಬಂತೆಂದು ಪತ್ತೆ ಮಾಡುವುದನ್ನೇ ಯೂನಿವರ್ಸಿಟಿಯಲ್ಲಿ ಕಲಿಯುತ್ತಿದ್ದೇನೆ ಎಂದು ನೀನು ಹೇಳಿದೆ, ನಾನು ನಂಬಿದೆ. ನಮ್ಮ ಬಾವಿ ನೀರು ಮೂರು ಬಾಟಲಿ ಬೇಕೆಂದು ನೀನೇ ಕೇಳಿದೆ. ಬಸ್ಸಿನಲ್ಲಿ ಕಳುಹಿಸಲು ಹೋದರೆ ಕಂಡಕ್ಟರು, "ಯಾಕಕ್ಕಾ, ಬೆಂಗ್ಳೂರಲ್ಲಿ ನೀರು ನಿಂತೋಯ್ತಾ?" ಅಂದ. ಬಸ್ಸಿನವರೆಲ್ಲ ನಕ್ಕರು. ಮಗುವಿನ ಬಾಚಣಿಗೆಯಲ್ಲಿ ಉಳಿದಿದ್ದ ಕೂದಲನ್ನೂ ನೀನು ಕೇಳಿದೆ, ನಾನು ಅದನ್ನೂ ಬಿಡಿಸಿ ಕಳುಹಿಸಿದೆ. ಅದಕ್ಕೆ ನೀನು ‘ನಾಲ್ಕನೇ ಸ್ಯಾಂಪಲ್’ ಎಂದು ಬರೆದಿದ್ದೀಯ. ಕಡಬದ ಕೆರೆ ಏರಿಯ ಮೇಲೆ ನೀನು ಹೆಗಲಲ್ಲಿ ಹೊತ್ತು ತಿರುಗಿದ ಮಗು ಕಣೋ ಅದು.

ಹಿತ್ತಲಿನಾಚೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೇ ನಮ್ಮ ಬಾವಿಯನ್ನು ಕೆಡಿಸಿತೆಂದು ಬೀದಿಗೆ ಬೀದಿಯೇ ಹೇಳಿತು. ನಿನ್ನ ಭಾವ ಮನೆಮನೆ ಅಲೆದು ಅರ್ಜಿಗೆ ಸಹಿ ಮಾಡಿಸಿದರು. ಸೋಮವಾರ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಮಗುವಿನ ತಾಯಿಯಾಗಿ ನಾನು ಹೇಳಿಕೆ ಕೊಡಬೇಕು. ಶೆಡ್ಡಿನ ವೆಂಕಟರಂಗಯ್ಯ, ಕುಣಿಗಲ್ ಕಡೆಯವನು, ಒಮ್ಮೆ ಬಾಗಿಲಿಗೆ ಬಂದು, "ನನ್ನ ಮಕ್ಳೂ ಅದೇ ಬಾವಿ ನೀರು ಕುಡಿಯೋದು ತಾಯಿ" ಅಂದಿದ್ದ. ನಾನು ಅವನ ಮುಖಕ್ಕೆ ಬಾಗಿಲು ಹಾಕಿದೆ.

ಈಗ ನೀನು ಬರೆಯುತ್ತೀಯ: ಎರಡು ಬಾಟಲಿಯಲ್ಲಿ ಸೀಸವಿಲ್ಲ, ಮೂರನೆಯದರಲ್ಲಿ ಮಾತ್ರ ಇದೆ, ಕೂದಲಲ್ಲೂ ಇದೆ. ಬ್ಯಾಟರಿ ಸೀಸವಾದರೆ ಜೊತೆಗೆ ಆಂಟಿಮನಿ ಎಂಬ ಲೋಹ ಇರುತ್ತದೆ, ಇದರಲ್ಲಿ ಅದಿಲ್ಲ, ತವರ ಬೆರೆತಿದೆ. ಮೂರನೇ ಬಾಟಲಿಯನ್ನು ಯಾವುದರಲ್ಲಿ ತೊಳೆದೆ ಅಕ್ಕಾ, ತಾರೀಖು ಸಹಿತ ಬರಿ ಎನ್ನುತ್ತೀಯ. ಎಸ್ಸೆಸ್ಸೆಲ್ಸಿ ಓದಿದವಳಿಗೆ ಇದೆಲ್ಲ ಏನು ತಿಳಿಯಬೇಕು? ಶೆಡ್ಡಿನದೇ ತಪ್ಪು ಎಂದು ಒಂದು ಸಾಲು ಬರೆದುಕೊಡುವುದು ನಿನ್ನಿಂದ ಆಗಲಿಲ್ಲವೇ? ಎರಡು ದಿನ ನಿನ್ನನ್ನು ಬೈಯುತ್ತಲೇ ಕಳೆದೆ.

ಇವತ್ತು ಡೈರಿ ತೆಗೆದೆ. ಬಾವಿ ನೀರಲ್ಲಿ ಮಾತ್ರ ತೊಳೆಯಬೇಕೆಂದು ನೀನು ಹೇಳಿದ್ದು ನಿಜ. ಆದರೆ ಮೂರನೇ ಬಾಟಲಿಗೆ ಸೀಮೆಎಣ್ಣೆ ವಾಸನೆಯಿತ್ತು. ಅಂಥದ್ದರಲ್ಲಿ ತುಂಬಿಸಿ ತಮ್ಮನಿಗೆ ಹೇಗೆ ಕಳುಹಿಸಲಿ? ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ನೀರು ಕುದಿಸಿ, ರಾತ್ರಿಯೆಲ್ಲ ಇಟ್ಟು, ಬೆಳಿಗ್ಗೆ ಅದರಿಂದ ತೊಳೆದೆ. ನಾವು ದಿನಾ ಹುಳಿ ಕಾಯಿಸುವ ಪಾತ್ರೆ ಅದು. ಹುಳಿಯ ಪಾತ್ರೆಗೆ ಒಳಗೆ ಬೆಳ್ಳಗೆ ತವರದ ಕಲಾಯಿ ಇರಲೇಬೇಕಲ್ಲ, ಇಲ್ಲದಿದ್ದರೆ ಕಿಲುಬು ಬಿಡುತ್ತದೆ. ಅಮ್ಮ ಹೇಳಿಕೊಟ್ಟಂತೆ ಹಬ್ಬಕ್ಕೆ ಮುಂಚೆ ಹಾಕಿಸಿದ್ದೆ. ಡೈರಿಯಲ್ಲಿದೆ: ದೀಪಾವಳಿಗೆ ನಾಲ್ಕು ದಿನ ಮೊದಲು, ಕಲಾಯಿ. ಪ್ರತಿವರ್ಷದ ಮುದುಕ ಬಂದಿರಲಿಲ್ಲ, ಯಾರೋ ಹೊಸಬ. ಲೋಹದ ಕಡ್ಡಿ ಬೂದುಬಣ್ಣಕ್ಕಿದೆಯಲ್ಲ ಎಂದು ಕೇಳಿದ್ದಕ್ಕೆ, "ಬರೀ ತವರ ಸಿಗಾಕಿಲ್ಲ ಕಣಮ್ಮ, ಇದೂ ಅಂಗೇ ಹೊಳೀತದೆ, ಬುಡಿ" ಅಂದ. ನಾನು ಬಿಟ್ಟೆ. ನೀನು ಹೇಳುವ ಸೀಸ ಅದೇ ಇರಬೇಕು. ಹಬ್ಬ ಮುಗಿದು ಮೂರು ವಾರಕ್ಕೆ ಬರೆದಿದ್ದೇನೆ: ಮಗುವಿಗೆ ಹೊಟ್ಟೆನೋವು, ಊಟ ಬೇಡ ಅಂದಳು, ಹುಳಿ ಅನ್ನ ಮಾತ್ರ ಉಂಡಳು. ಉಂಡಳಲ್ಲ ಎಂದು ಮತ್ತೆ ಮತ್ತೆ ಅದನ್ನೇ ಕಲಸಿ ತಿನ್ನಿಸಿದೆ. ಫಿಟ್ಸ್ ಬಂದು ತುಮಕೂರು ಆಸ್ಪತ್ರೆಗೆ ಹೊತ್ತೊಯ್ದ ಬೆಳಿಗ್ಗೆಯೂ ಎರಡು ತುತ್ತು ಕೊಟ್ಟಿದ್ದೆ.

ಈಗ ತಾರೀಖು ಸಿಕ್ಕಿತಲ್ಲ, ಬರೆದುಕೋ. ನಿನ್ನ ಭಾವನಿಗೆ ನಾನಿನ್ನೂ ಹೇಳಿಲ್ಲ. ಆ ಅರ್ಜಿಯಿಂದಲೇ ಅವರು ಎದ್ದು ಓಡಾಡುತ್ತಿದ್ದಾರೆ. ಸೋಮವಾರ ನಾನೇನು ಹೇಳಲಿ, ಅದನ್ನು ನಿನ್ನ ಮೇಷ್ಟರು ಕಲಿಸಿದ್ದಾರೆಯೇ?

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಚೆನ್ನಾಗಿ ಓದು. ಶಿವ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಶಿವರುದ್ರಮ್ಮ

ಮರೆತಿದ್ದೆ: ಕಲಾಯಿ ಹಾಕಿಸಿದ ದಿನದ್ದನ್ನು ಬರೆಯುವಾಗಲೇ ನೆನಪಾಯಿತು. ನಮ್ಮದಾದ ಮೇಲೆ ಅವನು ಪಕ್ಕದ ಮನೆ ಬಸವಲಿಂಗಮ್ಮನವರ ಪಾತ್ರೆಗೂ ಕಲಾಯಿ ಹಾಕಿದ. ಅವರ ಮಗಳು ಹೆರಿಗೆಗೆ ಬಂದಿದ್ದಾಳೆ, ಏಳು ತಿಂಗಳು, ಮೂರು ಹೊತ್ತೂ ಹುಣಸೆ ಗೊಜ್ಜು ಬೇಕಂತೆ ಅವಳಿಗೆ. ಈಗಲೇ ಹೋಗುತ್ತಿದ್ದೇನೆ. ಯಾಕೆ ಎಂದು ಕೇಳುತ್ತಾರೆ, ಶಾಂಭವಿಯದನ್ನು ಹೇಳದೆ ಅವರು ಪಾತ್ರೆ ಕೊಡುವುದಿಲ್ಲ, ಹೇಳುತ್ತೇನೆ. ಆ ಹುಡುಗಿಯನ್ನು ಯಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ತಂತಿ ಕೊಡು. ಕಾಗದ ಬರೆಯುತ್ತಾ ಕೂರಬೇಡ.