ನಾಲ್ಕಕ್ಕೆ ಹಾಕಿದ ಗೀಟು

ಸವಿತಾ,

ನಿನ್ನೆ ಸಿಟ್ಟಿನಲ್ಲಿ ಹೇಳಲಿಲ್ಲ. ನಿನ್ನ ಬಿ.ಎಡ್ ಅರ್ಜಿ ಕಾಲೇಜಿನವರು ತಗೊಳ್ಳಲಿಲ್ಲ, ಜೋಳದ ಡಬ್ಬಿ ಮೇಲಿಟ್ಟೀನಿ. "ಕೊಟ್ಟು ಬಾ, ಅಷ್ಟ" ಅಂದವಳು, ಎರಡು ವರ್ಷದ್ದೋ ನಾಲ್ಕು ವರ್ಷದ್ದೋ ಬರೆಯೋ ಜಾಗ ಯಾಕೆ ಖಾಲಿ ಬಿಟ್ಟಿ? ಹೆಚ್ಚು ವರ್ಷ ಓದಿದರೆ ದೊಡ್ಡ ಸಾಲಿಗೆ ಕಲಿಸೋ ಅಕ್ಕೋರು ಆಗ್ತಿ ಅಂತ ನಾನೇ ನಾಲ್ಕಕ್ಕೆ ಗೀಟು ಹಾಕಿದೆ.

"ಡಿಗ್ರಿ ಮುಗಿಸಿದಾಕಿಗೆ ಎರಡು ವರ್ಷದ್ರಿ. ನಾಕು ವರ್ಷದ್ದು ಪಿಯುಸಿ ಆದವರಿಗೆ. ನೀವೆಷ್ಟು ಕಲ್ತೀರಿ?" ಅಂತ ಕ್ಲಾರ್ಕ್ ನಕ್ಕ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಕಲ್ತದ್ದು ಏಳನೇತ್ತ ಅಷ್ಟ, ಅರ್ಜಿ ತಗೊಂಡು ಹೊರಗೆ ಬಂದೆ. ಎರಡು ವರ್ಷ ಓದಿದವರಿಗೂ ನಾಲ್ಕು ವರ್ಷ ಓದಿದವರಿಗೂ ಒಂದೇ ನೌಕರಿ ಅಂತ, ಅದು ಹೆಂಗ ಆಗ್ತೈತೋ, ನನಗೆ ಇನ್ನೂ ತಿಳಿದಿಲ್ಲ.

ಇವತ್ತೇ ಕಡೇ ದಿನ. ಎಮ್ಮಿ ನಾನೇ ಹಿಂಡೀನಿ, ಆ ನೆಪ ಹೇಳಬೇಡ. ಒಂಬತ್ತರ ಬಸ್ಸಿಗೆ ನೀನೇ ಹೋಗು.

ಅಕ್ಕೋರಾದ ಮೇಲೆ, ಅರ್ಜಿ ತುಂಬೋದನ್ನು ಮೊದಲು ನನಗೆ ಕಲಿಸು.

ನಿಮ್ಮಣ್ಣ ಕೃಷ್ಣಾ