ಹೇಳುವುದನ್ನು ಕಲಿಸದ ಮೇಷ್ಟ್ರು

ಮೆಟುಚೆನ್
೧೨ ಅಕ್ಟೋಬರ್ ೨೦೨೫

ಪ್ರೀತಿಯ ನಳಿನಾಕ್ಷಿ,

ನಿನ್ನ ತಂಗಿಯ ಮಂಡಿ ಆಪರೇಷನ್ ಸುಸೂತ್ರವಾಗಿ ಮುಗಿದದ್ದು ಸಮಾಧಾನ. ದಿನಾ ಫೋನ್ ಮಾಡುವವನಿಗೆ ಕಾಗದದ ಹುಚ್ಚೇಕೆ ಎನ್ನಬೇಡ. ಬರೆಯೋಣವೆನ್ನುತ್ತಲೇ ಎರಡು ವಾರ ದೂಡಿದೆ, ಕ್ಷಮಿಸು. ಅಕ್ಷರ ಇರುವೆ ಸಾಲಿನಂತಾಗಿದೆ, ಕನ್ನಡಕ ಹಾಕಿಕೊಂಡು ಓದು. ಮಗಳು ಸಿರಿ ಚೆನ್ನಾಗಿದ್ದಾಳೆ; ಸಾರಿಗೆ ಉಪ್ಪು ಕಡಿಮೆ ಹಾಕಿ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ.

ಎರಡು ವಾರದ ಹಿಂದೆ ಶನಿವಾರ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ವಿಜಯ್ ಮನೆಗೆ ಹೋಗಿದ್ದೆನಲ್ಲ, ಇಲ್ಲಿ ಡಾಕ್ಟರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ನಮ್ಮ ಮೆಡಿಕಲ್ ಕಾಲೇಜಿನವರು, ಆಗ ಪಾಠ ಹೇಗಿತ್ತು ಎಂದು ಇವರ ಅಭಿಪ್ರಾಯ ಕೇಳಿದ್ದಾರಂತೆ. ಹೊಗಳುತ್ತಾರೆಂದು ಮೀಸೆ ತಿರುವಿಕೊಂಡು ಕೂತೆ. ಬಿಸಿಬೇಳೆಬಾತ್ ಮುಗಿಯುವಷ್ಟರಲ್ಲಿ ಮಂಗಳಾರತಿ ಶುರುವಾಯಿತು!

"ಸರ್, ವಾರ್ಡಲ್ಲಿ ಒಬ್ಬರೇ ಅಜ್ಜಿ ಹೊಟ್ಟೇನ ಬ್ಯಾಚ್ ಪೂರ್ತಿ ಒತ್ತಿ ನೋಡ್ತಿದ್ವಿ. ಆ ಅಜ್ಜಿ ಹೆಸರೇ ಯಾರಿಗೂ ಗೊತ್ತಿರ್ಲಿಲ್ಲ. ಲಿವರ್ ಕೇಸ್, ಅಷ್ಟೆ," ಎಂದ ವಿಜಯ್.

ಹಂಸಾ ನೆನಪಿದ್ದಾಳಾ, ವೈವಾದಲ್ಲಿ ನನ್ನ ಮುಂದೆ ಬಾಯಿ ಬಿಡಲು ಹೆದರುತ್ತಿದ್ದವಳು? ಈಗ ಮ್ಯಾನ್‌ಹಟನ್‌ನಲ್ಲಿ ನರರೋಗ ತಜ್ಞೆ. "ನೋಡೋದನ್ನ ನೀವು ಕಲಿಸಿದ್ರಿ ಸರ್. ಪೇಷಂಟ್ ಬಾಗಿಲಲ್ಲಿ ನಡ್ಕೊಂಡು ಬರುವಾಗ್ಲೇ ಅರ್ಧ ಕಾಯಿಲೆ ಗೊತ್ತಾಗ್ಬೇಕು ಅಂತಿದ್ರಿ. ಅದನ್ನ ಪೇಷಂಟ್‌ಗೆ ಹೇಗೆ ಹೇಳ್ಬೇಕು ಅಂತ ಮಾತ್ರ ಯಾರೂ ಕಲಿಸ್ಲಿಲ್ಲ," ಎಂದಳು.

ನನಗೆ ರೇಗಿತು. ಅಷ್ಟು ಹುಡುಗರು, ಒಂದೇ ವಾರ್ಡು, ಹೊರಗೆ ರೋಗಿಗಳ ಸಾಲು. ಕೂತು ಮಾತಾಡಲು ಪುರುಸೊತ್ತೆಲ್ಲಿತ್ತು? ಅದನ್ನೇ ಹೇಳಿದೆ. "ಗೊತ್ತು ಸರ್. ನಿಮಗೂ ಯಾರೂ ಕಲಿಸಿರ್ಲಿಲ್ಲ," ಎಂದಳು. ಆ ಮಾತಿಗೆ ಮೆತ್ತಗಾದೆ.

ಹೊರಡುವಾಗ ಎಲ್ಲರೂ ಕಾಲಿಗೆ ನಮಸ್ಕರಿಸಿ, "ಸರ್, ಮೊದಲಿನ ಹಾಗೇ ಇದ್ದೀರಿ" ಎಂದರು. ಹಂಸಾ ಮಾತ್ರ ಹಾಗೆನ್ನಲಿಲ್ಲ. ತಾನೇ ಡ್ರೈವ್ ಮಾಡಿ ನನ್ನನ್ನು ಮನೆಗೆ ಬಿಟ್ಟಳು.

ಬಿ.ಪಿ. ಮಾತ್ರೆ ಮರೆಯಬೇಡ. ನಿನ್ನ ತಂಗಿಗೆ ನನ್ನ ಆಶೀರ್ವಾದ ಹೇಳು. ಇಬ್ಬರೂ ಸುಖವಾಗಿರಿ.

ನಿನ್ನ,
ಚಂದ್ರಶೇಖರ

ತಾ.ಕ.: ಮನೆ ಮುಂದೆ ಕಾರು ನಿಲ್ಲಿಸಿ ಹಂಸಾ ನನ್ನ ಕೈ ಹಿಡಿದುಕೊಂಡಳು. "ಸರ್, ಒಂದು ವಿಷಯ ಹೇಳ್ಲಾ? ಈಗ ಕೇಳೋಕೆ ಮನಸ್ಸಿದೆಯಾ?" ಎಂದು, ನಾನು ತಲೆಯಾಡಿಸುವವರೆಗೂ ಕಾದಳು. ವಿಜಯ್ ಮನೆ ಬಾಗಿಲಲ್ಲಿ ನಡೆದು ಬರುವಾಗ ನನ್ನ ಬಲಗೈ ಬೀಸುತ್ತಿರಲಿಲ್ಲವಂತೆ. ಆಮೇಲೆ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಆಯಿತು. ಪಾರ್ಕಿನ್ಸನ್ಸ್. ಅಕ್ಷರ ಸಣ್ಣಗಾಗಿರುವುದೂ ಅದರಿಂದಲೇ. ಔಷಧಿ ಇದೆ, ಗಾಬರಿಯಾಗಬೇಡ. ದಿನಾ ಫೋನಿನಲ್ಲಿ ಹೇಳಲು ಹೊರಟು, ಅಲ್ಲಿ ಮಳೆ ಬಂತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ನನಗೆ ಭಯವಾಗಿದೆ, ನಳಿನಾ. ಇದನ್ನು ನಿನ್ನ ಪಕ್ಕ ಕೂತು, ಕೈ ಹಿಡಿದುಕೊಂಡು ಹೇಳಬೇಕಿತ್ತು.