ಎಪ್ಪತ್ತಕ್ಕೆ ನಡುಕ

ಸೆಪ್ಟೆಂಬರ್ 8, ಸೋಮವಾರ

ಇವತ್ತೂ ಅದೇ. ನಮ್ಮ ಕುಣಿಕೋಣೂರ ಬಿಟ್ಟು ದೊಡ್ಡ ರಸ್ತೆಗೆ ಬಂದು ಕಾರು ಎಪ್ಪತ್ತು ಮುಟ್ಟಿದ್ದೇ ತಡ, ಸ್ಟೇರಿಂಗ್ ಗಡಗಡ. ಅರವತ್ತಕ್ಕೆ ಇಳಿಸಿದರೆ ಸುಮ್ಮನಾಗುತ್ತದೆ. ತೊಂಬತ್ತು ದಾಟಿಸಿದರೂ ನಡುಕ ನಿಲ್ಲಬಹುದಂತೆ, ಮೊಬೈಲ್‌ನಲ್ಲಿ ಓದಿದೆ. ಪರೀಕ್ಷಿಸುವ ಧೈರ್ಯ ನನಗಿಲ್ಲ. ಹೋದ ಅಮಾವಾಸ್ಯೆ ದಾಟಿದಾಗಿನಿಂದ ಹೀಗೆ. ಜೊತೆಗೆ ಮುಂದಿನ ಎರಡೂ ಟೈರ್ ಹೊರ ಅಂಚಿನಲ್ಲಿ ಸವೆದಿವೆ, ಒಳ ಅಂಚು ಹೊಸದರ ಹಾಗೇ ಇದೆ.

ತಪ್ಪು ನನ್ನ ಕೈಯದು ಎನ್ನುತ್ತಾರೆ ಇವರು. ಸಂಜೆ ತಾವೇ ಹೊಡೆದು ನೋಡಿದರು. ನಡುಗಿತು. ಆಗ ಏನಂದರು — ಗಾಡಿಗೆ ನಿನ್ನ ಕೈಯ ರೂಢಿ ಆಗಿಬಿಟ್ಟಿದೆ! ಕುಣಿಯಲಾರದವರು ನೆಲ ಡೊಂಕು ಅಂದರಂತೆ. ಈ ಮನೆಯಲ್ಲಿ ಆ ನೆಲ ನಾನು.

ದಸರೆಯೊಳಗೆ ನಡುಕ ನಿಲ್ಲದಿದ್ದರೆ ಜತ್ತದ ಅಣ್ಣಾರಾಯರಿಗೆ ಕಾರು ಕೊಟ್ಟುಬಿಡೋಣ ಅಂದರು. ಕೊಟ್ಟರೆ ನಾನು ಕಲಿಸುವ ಸೊರಡಿಯ ಶಾಲೆಗೆ ಮತ್ತೆ ಜೀಪಿನಲ್ಲಿ, ಇನ್ನೊಬ್ಬರ ತೊಡೆಗೆ ತೊಡೆ ಹಚ್ಚಿ... ನಲವತ್ಮೂರನೇ ವಯಸ್ಸಿಗೆ ಕಲಿತ ಡ್ರೈವಿಂಗ್. ಬಿಡುವುದಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಅತ್ತೆ ಒಂದು ದಿನವೂ ನನ್ನ ಕಾರು ಹತ್ತಿದವರಲ್ಲ. ಎಲ್ಲಿಗೆ ಹೋದರೂ ಎಸ್.ಟಿ. ಬಸ್ಸೇ ಆಗಬೇಕು. ಇವತ್ತು ನಾನು ಟೈರ್ ತೊಳೆಯುತ್ತಿದ್ದರೆ ತಾವಾಗಿಯೇ ಬಂದು ಕುಕ್ಕರಗಾಲಲ್ಲಿ ಕೂತರು. ಅರವತ್ತು ವರ್ಷ ಕುರಿಯ ಗೊರಸು ನೋಡಿದ ಕೈ. ಟೈರಿನ ಮೇಲೆ ಅಂಗೈ ಆಡಿಸಿದರು. ಹೊರಗಿನಿಂದ ಒಳಕ್ಕೆ ನುಣುಪು. ಒಳಗಿನಿಂದ ಹೊರಕ್ಕೆ ಬಂದರೆ ಬೆರಳು ತಡೆಯುತ್ತದೆ. ನನ್ನ ಕೈ ಹಿಡಿದೂ ಆಡಿಸಿ ತೋರಿಸಿದರು.

“ಗೊರಸಿನ ತಪ್ಪಲ್ಲ ಇದು. ಹೆಜ್ಜಿ ಒಳಗ ತಿರುಗಿ ಬೀಳಾಕತ್ತೇತಿ.”

ವ್ಹೀಲ್ ಕ್ಯಾಪ್ ಕಿತ್ತು ಒಳಗೂ ತೊಳೆಯಲು ಹೋದೆ. ಬೇಡ, ಮುರಿದೀತು ಎಂದು ಬಕೆಟ್ಟೇ ಎತ್ತಿಕೊಂಡು ಹೋದರು. ಕಾರಿನ ಮೇಲೆ ಇಷ್ಟು ಕಾಳಜಿ ಯಾವಾಗಿನಿಂದಲೋ.

ಸೆಪ್ಟೆಂಬರ್ 20, ಶನಿವಾರ

ಶಾಲೆ ಮುಗಿಸಿ ಜತ್ತಕ್ಕೆ ಹೋದೆ. ವ್ಹೀಲ್ ಅಲೈನ್‌ಮೆಂಟ್ ಮಾಡುವ ಶಿವಪುತ್ರ ಮಷೀನ್ ಹಚ್ಚಿ ನೋಡಿದ. ಮುಂದಿನ ಗಾಲಿ ಎರಡೂ ಒಳಕ್ಕೆ ತಿರುಗಿವೆಯಂತೆ! ಅತ್ತೆ ಅಂಗೈಯಲ್ಲಿ ಹೇಳಿದ್ದನ್ನೇ ಅವನು ಕಂಪ್ಯೂಟರ್‌ನಲ್ಲಿ ಹೇಳಿದ. ಸರಿ ಮಾಡಿಕೊಟ್ಟ. ಗಾಲಿಯ ತೂಕ ಸಮ ಮಾಡುವ ಬ್ಯಾಲೆನ್ಸಿಂಗ್ ಮಷೀನ್ ಕೆಟ್ಟಿದೆ, ಅದಕ್ಕೆ ಮುಂದಿನ ವಾರ ಬರಬೇಕು.

ಬರುವಾಗ ಕಾರು ಗೆರೆ ಎಳೆದಂತೆ ನೇರ ಬಂತು. ಹಿಗ್ಗಿದೆ. ಎಪ್ಪತ್ತು ಮುಟ್ಟಿತು... ಗಡಗಡ.

ಇವರು ಮೊಬೈಲ್‌ನಲ್ಲಿ ಅಣ್ಣಾರಾಯರ ನಂಬರ್ ಹುಡುಕತೊಡಗಿದರು. ಬೈದಿದ್ದರೇ ಚಲೋ ಇತ್ತು.

ಸೆಪ್ಟೆಂಬರ್ 28, ಭಾನುವಾರ, ಸಂಜೆ 6

ಎಂಟು ದಿನ ಅರವತ್ತರಲ್ಲೇ ಓಡಿಸಿದೆ. ಅಣ್ಣಾರಾಯರಿಗೆ ಮಂಗಳವಾರ ಬಂದು ಕಾರು ನೋಡಿ ಎಂದು ಇವರು ಹೇಳಿಯೂ ಬಿಟ್ಟಿದ್ದರು.

ಇವತ್ತು ಬ್ಯಾಲೆನ್ಸಿಂಗ್. ಶಿವಪುತ್ರ ಮುಂದಿನ ಬಲಗಡೆಯ ಕ್ಯಾಪ್ ಕಿತ್ತು, ಕೂತಲ್ಲೇ ಕೂತ. “ಬಾಯಾರ, ಇದೇನ್ರಿ ಕಟ್ಟೀರಿ?”

ರಿಮ್ಮಿನ ತೂತಿಗೆ ಬಿಗಿಯಾಗಿ ಕಟ್ಟಿದ ಕರಿ ಉಣ್ಣೆಯ ದಾರ. ಅದರ ತುದಿಗೆ ನನ್ನ ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣ, ಸದ್ದಾಗದಂತೆ ಮೇಲೆ ಉಣ್ಣೆ ಸುತ್ತಿದೆ. ಟಗರಿನ ಕೊರಳ ಗಂಟೆಯ ನಾಲಿಗೆ! ಅಂಥ ದಾರ ಹೊಸೆಯುವವರು ನಮ್ಮ ಮನೆಯಲ್ಲಿ ಒಬ್ಬರೇ.

ಬ್ಲೇಡ್ ತೆಗೆದವನನ್ನು ತಡೆದು ನಾನೇ ಬಿಚ್ಚಿದೆ. ಬ್ಯಾಲೆನ್ಸಿಂಗ್ ಆಯಿತು. ಶೇಗಾಂವದ ಕಡೆ ಹೋಗಿ ನೋಡಿದೆ. ಎಪ್ಪತ್ತು. ಎಪ್ಪತ್ತೈದು. ಎಂಬತ್ತು. ಸ್ಟೇರಿಂಗ್ ಮೇಲೆ ಎರಡು ಬೆರಳು ಸಾಕು. ಒಬ್ಬಳೇ ನಕ್ಕೆ.

ಮನೆಗೆ ಬಂದು ಅದನ್ನು ಅತ್ತೆಯ ಮುಂದೆ ಇಟ್ಟೆ. ಮೊದಲು ಬೈಗುಳವೇ, ಯಾಕೆ ಬಿಚ್ಚಿದೆ ಎಂದು. ಕುರಿಮರಿಗೂ ಕೂಸಿಗೂ ಕರಿದಾರ ಕಾಲಿಗೇ ಕಟ್ಟುವುದು, ಗಾಡಿಗೆ ಗಾಲಿಯೇ ಕಾಲು, ಅದಕ್ಕೇ ನೀನು ಕೂಡುವ ಬದಿಯ ಗಾಲಿಗೆ ಅಮಾವಾಸ್ಯೆಯ ದಿನ ಕಟ್ಟಿದೆ ಎಂದರು.

ನಿಮ್ಮ ಮಗನ ಬೈಕಿಗೆ ಯಾಕೆ ಕಟ್ಟಲಿಲ್ಲ ಎಂದು ಕೇಳಿದೆ.

“ಮಾಳೂಗ ಯಾರ ಕಣ್ಣ ಹತ್ತತೈತಿ? ಊರಾಗ ಕಾರ್ ಹೊಡಿಯಾಕಿ ನೀ ಒಬ್ಬಾಕಿ. ನೀ ಹೋಗೂದನ್ನ ಮಂದಿ ನಿಂತ ನೋಡ್ತಾರ. ನಾನೂ ನೋಡ್ತೀನಿ.”

ಕಣ್ಣು ತುಂಬಿ ಬಂತು. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಇವರು ಅಣ್ಣಾರಾಯರಿಗೆ ಫೋನ್ ಹಚ್ಚಿ, ಇಲ್ಲ, ಕೊಡುವುದಿಲ್ಲ ಎನ್ನುತ್ತಿದ್ದಾರೆ. ದನಿ ಸ್ವಲ್ಪ ಸಣ್ಣದಾಗಿದೆ. ಇರಲಿ.

ಅಕ್ಟೋಬರ್ 1, ಬುಧವಾರ, ಬೆಳಿಗ್ಗೆ 9

ಖಂಡೇನವಮಿ. ಗಾಡಿ ಪೂಜೆ ಆಯಿತು. ಕಾಲಿಗೆ ಬೇಡ, ಕೊರಳಿಗೆ ಇರಲಿ ಎಂದು ರಾಜಿ ಮಾಡಿಸಿ ಗಂಟೆಯ ನಾಲಿಗೆಯನ್ನು ಒಳಗಿನ ಕನ್ನಡಿಗೆ ಕಟ್ಟಿಸಿದೆ. ಅತ್ತೆಯೇ ಕಟ್ಟಿದರು, ಏಳು ಗಂಟು ಹಾಕಿ.

ಅತ್ತೆ ಸೊರಡಿಗೆ ತಮ್ಮ ತಂಗಿಯನ್ನು ನೋಡಲು ಹೊರಟಿದ್ದಾರೆ. ಹತ್ತು ಗಂಟೆಗೆ ಎಸ್.ಟಿ. ಇದೆ ಎಂದು ನೆನಪು ಮಾಡಿದೆ, ಮುಖ ನೋಡೋಣವೆಂದು. ಚೀಲ ಹಿಡಿದು ಅಂಗಳಕ್ಕೆ ಇಳಿದರು.

ಹಾರ್ನ್. ಯಾರಿದು ಈಗ... ಮತ್ತೆ ಹಾರ್ನ್. ನಮ್ಮದೇ ಕಾರು. ಕಿಟಕಿಯಿಂದ ಬಗ್ಗಿ ನೋಡಿದರೆ ಮುಂದಿನ ಸೀಟಿನಲ್ಲಿ ಅತ್ತೆ, ತೊಡೆಯ ಮೇಲೆ ಚೀಲ, ಕೈ ಚಾಚಿ ಸ್ಟೇರಿಂಗ್ ಮೇಲೆ... ಬಂದೆ ಅತ್ತೆ, ಬಂದೆ, ಇದೊಂದು ಸಾಲು ಬರೆದು